ಎದೆಯೊಳಗಿನ ಸುಯ್

ಡಾಕ್ಟರಮ್ಮ ಪುಟ್ಟಕ್ಕನ ತಮ್ಮನ ಎದೆಯ ಮೇಲೆ ಮೂರನೆಯ ಸಲ ಸ್ಟೆತಸ್ಕೋಪ್ ಇಟ್ಟರು. ಒಂದು ಸಲ ಇಟ್ಟಿದ್ದರೆ ಪುಟ್ಟಕ್ಕ ಸುಮ್ಮನಿರುತ್ತಿದ್ದಳು. ಮೂರು ಸಲ ಯಾಕೆ?

“ಜ್ವರ ಎರಡು ದಿನದಲ್ಲಿ ಬಿಡುತ್ತೆ. ಆದ್ರೆ ಎದೇಲಿ ಸುಯ್ ಅಂತ ಸಣ್ಣ ಸದ್ದಿದೆ. ಜ್ವರ ಬಿಟ್ಟ ಮೇಲೆ ಕರ್ಕೊಂಡು ಬನ್ನಿ, ಇನ್ನೊಂದ್ಸಲ ಕೇಳೋಣ.”

ಅಮ್ಮ ಔಷಧಿ ಚೀಟಿಯನ್ನು ಮಡಿಚಿಟ್ಟುಕೊಂಡಳು.

ಸೈಕಲ್ ಟ್ಯೂಬ್ ತೂತಾದರೆ ಸುಯ್ ಎನ್ನುತ್ತದೆ. ಹಾಗಾದರೆ ತಮ್ಮನ ಎದೆಯಲ್ಲೂ ತೂತಿದೆ. ದಾರಿಯುದ್ದಕ್ಕೂ ಪುಟ್ಟಕ್ಕನ ತಲೆಯಲ್ಲಿ ಅದೇ.

ಮೂರನೇ ದಿನ ಜ್ವರ ಬಿಟ್ಟಿತು. ಮನೆಯಲ್ಲಿ ಎಲ್ಲರೂ ಬುಗುರಿ ಎಂದು ಕರೆಯುವ ಆ ಐದು ವರ್ಷದ ಪೋರ ಮಂಚ ಇಳಿದವನೇ ಓಟ ಕಿತ್ತ. ಪುಟ್ಟಕ್ಕ ಅಂಗಿ ಹಿಡಿದು ಕೂರಿಸಿದಳು.

“ಓಡಬೇಡ. ಜೋರಾಗಿ ನಗಲೂಬೇಡ.”

“ನಗೋಕೂ ನಿನ್ನ ಪರ್ಮಿಷನ್ ಬೇಕಾ?”

“ಹೂಂ.”

“ಅಳಬಹುದಾ?”

ಅವಳು ಯೋಚಿಸಿದಳು. “ಸ್ವಲ್ಪ.”

ಮರುದಿನ ಅಮ್ಮ ಇಬ್ಬರನ್ನೂ ಬಸ್ ಡಿಪೋಗೆ ಕರೆದುಕೊಂಡು ಹೋದಳು. ಬಸ್ ತೊಳೆಯುವುದು ಅವಳ ಕೆಲಸ. ಅದು ಮುಗಿದ ಮೇಲೆ ಅಲ್ಲಿಂದಲೇ ಡಾಕ್ಟರಮ್ಮನ ಹತ್ತಿರ.

ಪುಟ್ಟಕ್ಕ ತಮ್ಮನನ್ನು ಬೆಂಚಿನ ಮೇಲೆ ಮಲಗಿಸಿ ಎದೆಗೆ ಕಿವಿಯಿಟ್ಟಳು.

“ಏನೇ ಮಾಡ್ತಿದ್ದೀಯ?” ಅಮ್ಮ ಕೇಳಿದಳು.

“ತೂತು ಎಲ್ಲಿದೆ ಅಂತ ಹುಡುಕ್ತಿದ್ದೀನಿ.”

“ಕಚಗುಳಿ ಆಗ್ತಿದೆ, ಬೇಗ ಹುಡುಕು,” ಎಂದ ಬುಗುರಿ.

ಅಮ್ಮ ಕೈಯಲ್ಲಿದ್ದ ನೀರಿನ ಪೈಪನ್ನು ಪುಟ್ಟಕ್ಕನ ಕಿವಿಯ ಹತ್ತಿರ ಹಿಡಿದಳು. “ಇದನ್ನ ಕೇಳು.”

ನಲ್ಲಿ ಪೂರ್ತಿ ತೆರೆದಿತ್ತು. ಒಳಗೆ ನೀರು ಸುಳಿಸುಳಿಯಾಗಿ, ಒಂದನ್ನೊಂದು ನೂಕಿಕೊಂಡು ಸುಯ್ ಎಂದು ನುಗ್ಗುತ್ತಿತ್ತು. ಪೈಪು ನಡುಗುತ್ತಿತ್ತು. ಅಮ್ಮ ನಲ್ಲಿಯನ್ನು ಮೆಲ್ಲಗೆ ತಿರುಗಿಸುತ್ತ ಬಂದಳು. ಸದ್ದು ಸಣ್ಣದಾಯಿತು. ಆಮೇಲೆ ನಿಂತೇಹೋಯಿತು. ನೀರು ಮಾತ್ರ ಗಾಜಿನ ಕಡ್ಡಿಯ ಹಾಗೆ ಸದ್ದಿಲ್ಲದೆ ಬೀಳುತ್ತಿತ್ತು.

ಪುಟ್ಟಕ್ಕ ಪೈಪನ್ನು ಉದ್ದಕ್ಕೂ ಸವರಿ ನೋಡಿದಳು. ಎಲ್ಲೂ ತೂತಿರಲಿಲ್ಲ.

“ಜ್ವರ ಬಂದಾಗ ರಕ್ತ ಜೋರಾಗಿ ಓಡುತ್ತಂತೆ. ಅದಕ್ಕೂ ಸದ್ದು ಬರಬಹುದಂತೆ. ಡಾಕ್ಟರಮ್ಮಂಗೆ ಫೋನ್ ಮಾಡಿ ಕೇಳ್ದೆ,” ಎಂದಳು ಅಮ್ಮ.

“ಬರಬಹುದಂತೆ ಅಂದ್ರೆ?”

“ಅಂದ್ರೆ ಇವತ್ತು ಗೊತ್ತಾಗುತ್ತೆ.”

ಸಂಜೆ ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ಎದೆ, ಬೆನ್ನು, ಮತ್ತೆ ಎದೆ.

“ಈಗ ಸದ್ದಿಲ್ಲ. ಆರಾಮಾಗಿ ಓಡಾಡ್ಲಿ,” ಎಂದು ಕಣ್ಣು ಬಿಟ್ಟರು. ಪುಟ್ಟಕ್ಕನ ಮುಖ ನೋಡಿ, “ನೀನೂ ಕೇಳ್ತೀಯಾ?” ಎಂದರು.

ಅವಳು ಸ್ಟೆತಸ್ಕೋಪನ್ನು ಕಿವಿಗೆ ಹಾಕಿಕೊಂಡು, ಅದರ ಬಿಲ್ಲೆಯನ್ನು ತಮ್ಮನ ಎದೆಗಿಟ್ಟು ಕೇಳಿದಳು. ಲಬ್ ಡಬ್, ಲಬ್ ಡಬ್. ನಡುವೆ ಏನೂ ಇಲ್ಲ.

“ಅಮ್ಮಂದೂ ಕೇಳ್ಲಾ?”

ಅಮ್ಮ ಬೇಡ ಎನ್ನುವಷ್ಟರಲ್ಲಿ ಬಿಲ್ಲೆ ಅವಳ ಎದೆಯ ಮೇಲಿತ್ತು. ಅಲ್ಲಿ ಒಂದು ಬಡಿತ ಮುಗಿಯುವ ಮೊದಲೇ ಇನ್ನೊಂದು ಓಡಿ ಬರುತ್ತಿತ್ತು.

ಪುಟ್ಟಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆಯ ಗಡಿಯಾರ ನೋಡುತ್ತಿದ್ದಳು.

ಆ ಓಟ ನಿಧಾನವಾಗುವವರೆಗೂ ಪುಟ್ಟಕ್ಕ ಬಿಲ್ಲೆಯನ್ನು ತೆಗೆಯಲಿಲ್ಲ.