ಬೊಟ್ಟು ಸಹಿತ

2025ರ ಜೂನ್ 9, ಸೋಮವಾರ, ಬೆಳಿಗ್ಗೆ 10.40. ಮಳವಳ್ಳಿಯ ಕೋಟೆಬೀದಿ ಪೊಲೀಸ್ ಠಾಣೆಗೆ ಬಂದ ಹೆಂಗಸೊಬ್ಬಳು ಇನ್‌ಸ್ಪೆಕ್ಟರ್ ರೂಪ ಅವರ ಮೇಜಿನ ಮೇಲೆ ಒಂದು ಸರವನ್ನು ಎಸೆದಳು. ಇಟ್ಟಳು ಎಂದು ದೂರಿನಲ್ಲಿ ಬರೆದಿದೆ. ನಿಜವಾಗಿ ಎಸೆದಳು.

"ನೋಡಿ ಮೇಡಮ್ಮೋರೆ. ನಾನ್ ಇಕ್ಕಿದ್ದು ಚಿನ್ನ. ಅವ್ರು ಕೊಟ್ಟಿದ್ದು ಇದು."

ಸರದ ಕೊಂಡಿಯ ಬಳಿ ಹಳದಿ ಬಣ್ಣ ಕಿತ್ತುಹೋಗಿ ತಾಮ್ರ ಕಾಣುತ್ತಿತ್ತು.

ಹೆಸರು ಚಿಕ್ಕಬೋರಮ್ಮ. ವಯಸ್ಸು 61. ಊರು ಹುಣಸೆಕೊಪ್ಪಲು. ಕೆಲಸ, ಶಾಲೆಯಲ್ಲಿ ಬಿಸಿಯೂಟದ ಅಡುಗೆ. ಎರಡು ವರ್ಷದ ಹಿಂದೆ ಬೆಳಕು ಮಹಿಳಾ ಪತ್ತಿನ ಸಹಕಾರ ಸಂಘದಲ್ಲಿ ಸರ ಅಡವಿಟ್ಟು ಸಾಲ ತೆಗೆದಿದ್ದಳು. ಕಳೆದ ವಾರ ಸಾಲ ತೀರಿಸಿ ಬಿಡಿಸಿಕೊಂಡಳು. ಕೊಂಡಿ ಬಿಗಿ ಮಾಡಿಸಲು ಹೋದರೆ ಅಕ್ಕಸಾಲಿಗ ಕಲ್ಲಿಗೆ ಉಜ್ಜಿ ನೋಡಿ, "ಅಜ್ಜಿ, ಇದು ಒಂದು ಗ್ರಾಂ ಗೋಲ್ಡು" ಎಂದು ನಕ್ಕನಂತೆ.

"ನಿಮ್ಮೂರಿನವರು ಬೇರೆ ಯಾರಾದ್ರೂ ಅಲ್ಲಿ ಒಡವೆ ಇಟ್ಟಿದ್ದಾರಾ?" ರೂಪ ಕೇಳಿದರು.

"ನಲವತ್ತೊಂದು ಜನ. ಎಲ್ಲಾರ್ನೂ ಕರ್ಕಂಡೋಗಿದ್ದು ನಾನೇ. ಗಿರವಿ ಅಂಗ್ಡಿ ಬ್ಯಾಡ ಕಣ್ರೇ, ಸಂಗದಲ್ಲಿ ವರ್ಸವರ್ಸ ಆಡಿಟ್ ಆಯ್ತದೆ, ಮಂಡ್ಯದಿಂದ ದೊಡ್ಡ ಆಡಿಟ್ರು ಬಂದು ನೋಡಿ ಸೈನ್ ಆಕ್ತಾರೆ ಅಂದಿದ್ದೆ. ಈಗ ನಾನ್ ನಲ್ಲಿ ತಾವ್ಕೆ ಓದ್ರೆ ಮುದ್ದಮ್ಮ ಕೊಡ ಎತ್ಕಂಡು ಅತ್ಲಾಗೆ ಓಯ್ತಾಳೆ. ಪಕ್ಕದ್ ಮನೆಯೋಳು ಅವ್ಳು. ಮೂವತ್ ವರ್ಸ ಸಾರು ಕೊಟ್ಟು ಈಸ್ಕಂಡಿದ್ದೋಳು. ನಂಗೆ ಸರ ಓದ್ರೆ ಓಗ್ಲಿ. ಕಳ್ಳಿ ಅನ್ನುಸ್ಕಂಡು ಬದುಕಕ್ಕಾಗಕಿಲ್ಲ."

11.30ಕ್ಕೆ ಎಫ್‌ಐಆರ್ ದಾಖಲಾಯಿತು. ನಂಬಿಕೆ ದ್ರೋಹ, ವಂಚನೆ. ಹೆಡ್‌ ಕಾನ್‌ಸ್ಟೆಬಲ್ ಶಿವರಾಮು ಕಲಂಗಳನ್ನು ಬರೆದು, ರಬ್ಬರ್ ಮೊಹರು ಒತ್ತಿ, ಜೀಪು ತೆಗೆಸಿದ.

ಸಂಘದ ಕಚೇರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲಿತ್ತು. ಬಾಗಿಲ ಪಕ್ಕದಲ್ಲಿ ಗಾಜಿನ ಚೌಕಟ್ಟು, ಅದರೊಳಗೆ ಆಡಿಟ್ ಪ್ರಮಾಣಪತ್ರ, ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಹಾರ. ದೇವರ ಪಟ ಅದಕ್ಕಿಂತ ಚಿಕ್ಕದಿತ್ತು. ಒಳಗಿನ ಕೋಣೆಯಲ್ಲಿ ಕಬ್ಬಿಣದ ತಿಜೋರಿ. ತೆರೆಯಲು ಎರಡು ಕೀಲಿ ಬೇಕು. ಕಾರ್ಯದರ್ಶಿ ಸಂತೋಷ್‌ಗೆ ಮೂವತ್ತೈದು ವರ್ಷವಿರಬಹುದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ವಿನಯವೋ ವಿನಯ.

ಶಿವರಾಮು ಚೀಲದಿಂದ ಎರಡು ಹಾಳೆ ತೆಗೆದು ರೂಪ ಅವರ ಮುಂದೆ ಹಿಡಿದ. ಪಂಚನಾಮೆ. ತಿಜೋರಿ ತೆರೆದಂತೆ, ಪೊಟ್ಟಣಗಳನ್ನು ಒಂದೊಂದಾಗಿ ಪರಿಶೀಲಿಸಿದಂತೆ ಆಗಲೇ ಬರೆದಿತ್ತು. ಪಂಚರ ಸಹಿಗೆ ಮಾತ್ರ ಜಾಗ ಖಾಲಿ.

"ಇದನ್ನ ಯಾವಾಗ ಬರೆದ್ರಿ?"

"ಜೀಪಲ್ಲೇ ಮೇಡಂ. ಟೈಮ್ ಉಳೀಲಿ ಅಂತ. ಯಾವಾಗ್ಲೂ ಹಿಂಗೇ ಅಲ್ವಾ?"

ಯಾವಾಗಲೂ ಹೀಗೇ ಎಂಬುದು ರೂಪ ಅವರಿಗೂ ಗೊತ್ತಿತ್ತು. ಹನ್ನೆರಡು ವರ್ಷದ ನೌಕರಿಯಲ್ಲಿ ಅಂಥ ಹಾಳೆಗಳಿಗೆ ಅವರೂ ಸಹಿ ಹಾಕಿದ್ದರು. ಇವತ್ತು ಮಾತ್ರ ಬೆಂಕಿ ಹತ್ತಿದಂತಾಯಿತು. ಹಾಳೆಗಳನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು.

"ಇನ್ನೊಂದ್ಸಲ ನೋಡದೆ ಬರೆದ್ರೆ ನಿಮ್ಮ ಮೇಲೇ ರಿಪೋರ್ಟ್ ಬರೀತೀನಿ. ಅಕ್ಕಸಾಲಿಗನ್ನ ಕರೆಸಿ. ಇಬ್ರು ಪಂಚರನ್ನ ಕರೆಸಿ. ವಿಡಿಯೋ ಆನ್ ಮಾಡಿ. ಪ್ರತಿ ಪೊಟ್ಟಣ ನನ್ನ ಕಣ್ಣೆದುರು ಬಿಚ್ಚಬೇಕು."

ಎರಡನೇ ಕೀಲಿಯನ್ನು ಸಂತೋಷ್ ಆಳು ಕಳಿಸಿ ತರಿಸಿದ. ಎರಡು ದಿನ ಹಿಡಿಯಿತು. 312 ಪೊಟ್ಟಣ. 208ರಲ್ಲಿ ಚಿನ್ನ, 104ರಲ್ಲಿ ಗಿಲೀಟು. ಅಕ್ಕಸಾಲಿಗನ ಬೆರಳು ಕಪ್ಪಾಯಿತು, ಶಿವರಾಮುವಿನ ಬೆನ್ನು ಹಿಡಿದುಕೊಂಡಿತು. ಸಂತೋಷ್ ಮಾತ್ರ ಎಲ್ಲರಿಗೂ ಕಾಫಿ ತರಿಸಿಕೊಟ್ಟ, ತಾನೇ ಮದುವೆ ಮನೆಯ ಯಜಮಾನನೆಂಬಂತೆ.

"ಕೀಲಿ ಯಾರ ಹತ್ರ ಇರುತ್ತೆ?" ರೂಪ ಕೇಳಿದರು.

"ಒಂದು ನನ್ನ ಹತ್ರ. ಇನ್ನೊಂದು ನಿರ್ದೇಶಕರ ಹತ್ರ."

"ಯಾರು ನಿರ್ದೇಶಕರು?"

"ಚಿಕ್ಕಬೋರಮ್ಮ ಮೇಡಂ. ಏಪ್ರಿಲ್ ಎರಡನೇ ತಾರೀಖಿನಿಂದ."

"ಅದಕ್ಕೆ ಮೊದಲು?"

"ಎರಡೂ ನನ್ನ ಹತ್ರನೇ. ಆದ್ರೆ ಮಾರ್ಚ್ 31ಕ್ಕೆ ಆಡಿಟರ್ ಸಾಹೇಬ್ರು ಎಲ್ಲಾ ಪೊಟ್ಟಣ ಬಿಚ್ಚಿ ತೂಕ ಹಾಕಿದ್ದಾರೆ. ಎಲ್ಲಾ ಸರಿ ಇತ್ತು. ಸರ್ಟಿಫಿಕೇಟ್ ಅಲ್ಲೇ ಇದೆ ನೋಡಿ." ಸಂತೋಷ್ ಕಣ್ಣು ತಗ್ಗಿಸಿದ. "ನಾನು ಯಾರ ಮೇಲೂ ಹೇಳಲ್ಲ. ತಾರೀಖು ನೀವೇ ನೋಡ್ಕೊಳ್ಳಿ."

ಚಿಕ್ಕಬೋರಮ್ಮನಿಗೆ ಕೀಲಿಯನ್ನು ಗೌರವವೆಂದು ಕೊಟ್ಟಿದ್ದರು. ಶಾಲು ಹೊದಿಸಿ, ಫೋಟೋ ತೆಗೆಸಿ ಕೊಟ್ಟಿದ್ದರು. ಆ ಪ್ರಮಾಣಪತ್ರ ನಿಜವಾದರೆ ಕಳವು ನಡೆದದ್ದು ಏಪ್ರಿಲ್ ನಂತರ. ಆಗ ಜೈಲಿಗೆ ಹೋಗುವವಳು ದೂರು ಕೊಟ್ಟವಳೇ. ಸುಳ್ಳಾದರೆ ಆಟ ಬೇರೆ. ಇಡೀ ಪ್ರಕರಣ ಒಂದು ಸಹಿಯ ಮೇಲೆ ನಿಂತಿತ್ತು.

ಜೂನ್ 12, ಗುರುವಾರ, ಮಧ್ಯಾಹ್ನ 12.15. ಮಂಡ್ಯದ ಆಡಿಟರ್ ರಘುನಂದನ್ ಅವರ ಕಚೇರಿ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆಯ ತುಂಬ ಸನ್ಮಾನದ ಫಲಕಗಳು. ಒಂದು ಫಲಕದಲ್ಲಿ 'ಪ್ರಾಮಾಣಿಕತೆಯ ಪ್ರತೀಕ' ಎಂದಿತ್ತು. ಅದನ್ನು ಓದಿ ಮಹಿಳಾ ಕಾನ್‌ಸ್ಟೆಬಲ್ ಮರಿತಾಯಮ್ಮ ಮೂಗು ಮುರಿದಳು.

"ಮಾರ್ಚ್ 31ಕ್ಕೆ ಮಳವಳ್ಳಿಗೆ ಹೋಗಿದ್ರಾ?" ರೂಪ ಕೇಳಿದರು.

"ಹೋಗಿದ್ದೆ."

"ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಹತ್ತರಿಂದ ಸಂಜೆ ಆರು."

"ಮುನ್ನೂರಕ್ಕೂ ಹೆಚ್ಚು ಪೊಟ್ಟಣ, ಒಂದೇ ದಿನದಲ್ಲಿ?"

"ಅಭ್ಯಾಸ ಇದೆ."

"ನೀವೇ ಬಿಚ್ಚಿ ನೋಡಿದ್ರಾ?"

ರಘುನಂದನ್ ಕನ್ನಡಕ ತೆಗೆದು ಒರೆಸಿದರು. "ಮೇಡಂ, ಇಪ್ಪತ್ತೆರಡು ವರ್ಷದಿಂದ ಈ ವೃತ್ತಿಯಲ್ಲಿದ್ದೀನಿ. ನನ್ನ ಸಹಿ ಇದೆ ಅಂದ್ರೆ ನಾನು ನೋಡಿದ್ದೀನಿ ಅಂತಲೇ ಅರ್ಥ." ಪ್ರತಿ ಒಡವೆಯ ವಿವರವಿದ್ದ ಹದಿನಾಲ್ಕು ಪುಟದ ಪಟ್ಟಿಯನ್ನು ಮುಂದೆ ತಳ್ಳಿದರು. ಪ್ರತಿ ಪುಟಕ್ಕೂ ಸಹಿ. ಸೊಗಸಾದ ಸಹಿ, ಕೊನೆಯಲ್ಲೊಂದು ಬಾಲ.

ಅಂದೇ ಸಂಜೆ ಮೇಲಧಿಕಾರಿಯ ಫೋನು. ಎರಡನೇ ಕೀಲಿ ಇದ್ದವಳನ್ನು ಯಾಕೆ ಇನ್ನೂ ಹಿಡಿದಿಲ್ಲ? ಅವಳೇ ದೂರುದಾರಳು ಸಾರ್ ಎಂದರೆ, ಜಾಣ ಕಳ್ಳರು ಮೊದಲು ಠಾಣೆಗೇ ಬರುತ್ತಾರೆ ಎಂಬ ಉಪದೇಶ. ಸೋಮವಾರದವರೆಗೆ ಸಮಯ ಕೊಡಿ ಎಂದು ಕೇಳಿ ರೂಪ ಫೋನಿಟ್ಟರು. ಬಡವರ ಮನೆಯ ಹೆಂಗಸಿನ ಮಾತಿಗೆ ನೂರು ಸಾಕ್ಷಿ ಬೇಕು, ಗಾಜಿನ ಬಾಗಿಲಿನವನ ಬಾಲದ ಸಹಿಗೆ ಒಂದೂ ಬೇಡ. ಯಾವ ನ್ಯಾಯ ಇದು?

ಶುಕ್ರವಾರ ಬೆಳಿಗ್ಗೆ ಠಾಣೆಯಲ್ಲಿ ಮರಿತಾಯಮ್ಮ ಪಟ್ಟಿಯನ್ನು ಓದುತ್ತಾ ಹೋದಳು, ಶಿವರಾಮು ವಿಡಿಯೋದೊಂದಿಗೆ ತಾಳೆ ನೋಡುತ್ತಾ ಹೋದ. ಮೂರನೇ ಪುಟಕ್ಕೆ ಅವಳ ದನಿ ನಿಂತಿತು.

"ಮೇಡಂ, ಇದ್ನ ಬರ್ದೋನು ಗಂಡಸಾ?"

"ಯಾಕೆ?"

"ಚಿನ್ನದ ಮಾಂಗಲ್ಯ ಸರ, ಎರಡು ಬೊಟ್ಟು ಸಹಿತ. ಆಮ್ಯಾಕೆ ಇನ್ನೊಂದು, ಬೊಟ್ಟು ಸಹಿತ. ಮುಂದ್ಕೂ ಅದೇ. ಯಾವೋಳ್ ಮೇಡಂ ತಾಳಿ ಬೊಟ್ಟು ಗಿರವಿ ಇಕ್ತಾಳೆ? ಮನೆ ಮಾರುದ್ರೂ ಇಕ್ಕಕಿಲ್ಲ. ಬೊಟ್ ಬಿಚ್ಕಂಡು ಅರಿಸಿನದ ದಾರಕ್ಕೆ ಕಟ್ಕಂಡು, ಬರೀ ಸರ ಕೊಡ್ತಾರೆ. ನಮ್ಮವ್ವ ಅಂಗೇ ಮಾಡಿದ್ಲು, ನಾನೂ ಅಂಗೇ ಮಾಡಿವ್ನಿ."

ರೂಪ ಎದ್ದು ನಿಂತರು. "ವಿಡಿಯೋದಲ್ಲಿ ಯಾವುದಾದ್ರೂ ಪೊಟ್ಟಣದಲ್ಲಿ ಬೊಟ್ಟು ಇತ್ತಾ?"

ಮಧ್ಯಾಹ್ನದ ಹೊತ್ತಿಗೆ ಶಿವರಾಮು ಎಣಿಸಿ ಮುಗಿಸಿದ. ಪಟ್ಟಿಯಲ್ಲಿ 'ಬೊಟ್ಟು ಸಹಿತ' ಎಂದಿದ್ದವು 176. ವಿಡಿಯೋದಲ್ಲಿ ಒಂದು ಪೊಟ್ಟಣದಲ್ಲೂ ಬೊಟ್ಟು ಇಲ್ಲ. ಕೈ ಹಾಕದ ಅಸಲಿ ಚಿನ್ನದ ಪೊಟ್ಟಣಗಳಲ್ಲೂ ಇಲ್ಲ. ಚಿಕ್ಕಬೋರಮ್ಮ ವಿಧವೆಯಾಗಿ ಹನ್ನೊಂದು ವರ್ಷ. ಬೊಟ್ಟು ಕರಗಿಸಿ ಮೊಮ್ಮಗಳಿಗೆ ಓಲೆ ಮಾಡಿಸಿದ್ದಾಳೆ. ಪಟ್ಟಿಯಲ್ಲಿ ಅವಳ ಸರಕ್ಕೂ ಎರಡು ಬೊಟ್ಟು! ಹೂವಿನ ಅಂಗಡಿಯ ಬಿಬಿ ಜಾನ್ ಇಟ್ಟದ್ದು ನಾಲ್ಕು ಬಳೆ. ಅವಳ ಹೆಸರಿನ ಮುಂದೆಯೂ ಮಾಂಗಲ್ಯ ಸರ, ಬೊಟ್ಟು ಸಹಿತ.

"ಅಲ್ಲಾ ಕಣಮ್ಮ, ನಂಗೂ ಬೊಟ್ಟು ಕಟ್ಟವ್ನಾ ಅವ್ನು?" ಎಂದು ಬಿಬಿ ಜಾನ್ ಠಾಣೆಯಲ್ಲಿ ಮೊದಲು ನಕ್ಕಳು. ಬಳೆ ನಾಲ್ಕೂ ಗಿಲೀಟೆಂದು ತಿಳಿದ ಮೇಲೆ ಅವಳ ನಗು ಹೋಯಿತು.

ಮದ್ದೂರಿನಲ್ಲಿ ನಜೀರ್ ಅಹ್ಮದ್ ಎಂಬ ನಿವೃತ್ತ ಲೆಕ್ಕಪರಿಶೋಧಕರಿದ್ದರು. ಮೂವತ್ತು ವರ್ಷ ಸಹಕಾರ ಸಂಘಗಳ ಲೆಕ್ಕ ನೋಡಿದ ಮನುಷ್ಯ. ಶನಿವಾರ ಬೆಳಿಗ್ಗೆ 9.30ಕ್ಕೆ ರೂಪ ಪಟ್ಟಿಯನ್ನು ಅವರ ಮುಂದಿಟ್ಟರು. ಅವರು ಎರಡು ಪುಟ ತಿರುವಿ, ಮುಟ್ಟಬಾರದ್ದನ್ನು ಮುಟ್ಟಿದವರ ಹಾಗೆ ಕೈ ಹಿಂದೆಗೆದರು.

"ಇದು ಸಂಘದ ಕಂಪ್ಯೂಟರಿನ ಪಟ್ಟಿ. ಒಡವೆಯ ಹೆಸರಿನ ಜಾಗದಲ್ಲಿ ಏನೂ ಬರೆಯದಿದ್ದರೆ ಅದೇ ತಾನಾಗಿ 'ಮಾಂಗಲ್ಯ ಸರ, ಬೊಟ್ಟು ಸಹಿತ' ಅಂತ ತುಂಬ್ಕೊಳ್ಳುತ್ತೆ. ಈ ಪುಣ್ಯಾತ್ಮ ಅದನ್ನೇ ಪ್ರಿಂಟ್ ತೆಗೆದು ಸೈನ್ ಮಾಡಿದ್ದಾನೆ. ಒಂದೇ ಒಂದು ಪೊಟ್ಟಣ ಬಿಚ್ಚಿದ್ರೂ ಗೊತ್ತಾಗ್ತಿತ್ತು."

"ನೀವಾಗಿದ್ರೆ ಹೇಗೆ ಮಾಡ್ತಿದ್ರಿ?"

"ಹೆಂಗಸರನ್ನೇ ಕರೆಸ್ತಿದ್ದೆ. ಬಾಮ್ಮ, ನಿನ್ನ ಒಡವೆ ನೀನೇ ಮುಟ್ಟಿ ನೋಡು, ಆಮೇಲೆ ನಾನು ಬರ್ಕೋತೀನಿ ಅಂತಿದ್ದೆ. ತಡ ಆಗ್ತಿತ್ತು. ಆಡಳಿತ ಮಂಡಳಿಯೋರು ಬೈತಿದ್ರು." ಮುದುಕರು ಸಿಟ್ಟಿನಿಂದ ಪಟ್ಟಿಯನ್ನು ಆಚೆ ತಳ್ಳಿದರು. "ಜನ ನಮ್ಮ ಮುಖ ನೋಡಿಲ್ಲ ತಾಯಿ. ನಮ್ಮ ಸಹಿ ಒಂದನ್ನೇ ನೋಡಿ ಮೈಮೇಲಿನ ಚಿನ್ನ ಬಿಚ್ಚಿ ಕೊಡ್ತಾರೆ. ಇವನಿಗೆ ನಾಚಿಕೆ ಆಗ್ಬೇಕು. ನಂಗಾಗ್ತಿದೆ."

ನೋಡದೆ ಸಹಿ ಹಾಕಿದ್ದು ಸೋಮಾರಿತನವೋ ಪಾಲುದಾರಿಕೆಯೋ? ಅದಕ್ಕೆ ಉತ್ತರ ಕಾಗದಗಳಲ್ಲಿ ಸಿಕ್ಕಿತು. ಮಾರ್ಚ್ 31ರಂದು ರಘುನಂದನ್ ಅವರ ಫೋನು ಇಡೀ ದಿನ ಮಂಡ್ಯ ಬಿಟ್ಟು ಕದಲಿರಲಿಲ್ಲ. ಒಂದು ವರ್ಷದಲ್ಲಿ ಸಂತೋಷ್ ಖಾತೆಯಿಂದ ಅವರ ಹೆಂಡತಿಯ ಖಾತೆಗೆ ಆರು ಬಾರಿ ಹಣ ಹೋಗಿತ್ತು. ಭಾನುವಾರ ಸಂಜೆ ಅದನ್ನು ಮುಂದಿಟ್ಟಾಗ ಸಂತೋಷ್ ಬಿಳಿ ಅಂಗಿಯ ತೋಳಿನಲ್ಲೇ ಬೆವರು ಒರೆಸಿಕೊಂಡ.

"ಚಿನ್ನ ಏನ್ ಮಾಡಿದೆ?" ರೂಪ ಕೇಳಿದರು.

"ಕರಗಿಸಿ ಮಾರಿದೆ."

"ದುಡ್ಡು?"

"ಬೆಟ್ಟಿಂಗ್ ಆಪಲ್ಲಿ ಹೋಯ್ತು."

"ರಘುನಂದನ್‌ಗೆ ಯಾವಾಗ ಗೊತ್ತಾಯ್ತು?"

"ಹೋದ ವರ್ಷ. ಒಂದೇ ಒಂದ್ಸಲ ಬಂದಿದ್ರು. ಎರಡು ಪೊಟ್ಟಣ ಬಿಚ್ಚಿದ್ರು, ಎರಡೂ ಗಿಲೀಟು. ಆಮೇಲೆ, ಬಾಗಿಲು ಹಾಕು ಅಂದ್ರು."

"ಚಿಕ್ಕಬೋರಮ್ಮನಿಗೆ ಕೀಲಿ ಕೊಡೋ ಉಪಾಯ ಯಾರದು?"

"ಅವ್ರದ್ದೇ. ಓದು ಬರಹ ಬರದ ಒಬ್ಬರನ್ನ ನಿರ್ದೇಶಕರು ಮಾಡು ಅಂದ್ರು."

ರೂಪ ಪೆನ್ನು ಕೆಳಗಿಟ್ಟರು. ಕಳ್ಳನನ್ನು ಕಂಡರೆ ಅವರಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಳ್ಳ ಕಳ್ಳನೆಂದೇ ಬರುತ್ತಾನೆ. ಈ ಆಡಿಟರ್ ಕಾವಲುಗಾರನೆಂದು ಸಂಬಳ ತೆಗೆದುಕೊಂಡು, ಬೇಲಿಯೇ ಎದ್ದು ಹೊಲ ಮೇಯ್ದದ್ದು ಸಾಲದೆಂದು, ತಪ್ಪನ್ನು ಹೊಲದೊಡತಿಯ ತಲೆಗೇ ಕಟ್ಟಿದ್ದ.

ಜೂನ್ 16, ಸೋಮವಾರ, ಬೆಳಿಗ್ಗೆ 11.05. ಮಂಡ್ಯದ ಗಾಜಿನ ಬಾಗಿಲಿನ ಕಚೇರಿ. ರಘುನಂದನ್ ಯಾವುದೋ ಕಂಪನಿಯ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ರೂಪ ಬಂಧನದ ಕಾರಣಗಳನ್ನು ಬರೆದ ಹಾಳೆಯನ್ನು ಮುಂದಿಟ್ಟರು.

"ಇದಕ್ಕೂ ಒಂದು ಸಹಿ ಬೇಕು. ಇದನ್ನಾದ್ರೂ ಓದಿ ಹಾಕಿ."

ಅವರು ಓದಿದರು. ಜಗಳ ಮಾಡದೆ ಸಹಿ ಹಾಕಿದರು. ಆಮೇಲೆ ಠಾಣೆಯಲ್ಲಿ ಹೇಳಿದ್ದು ಇಷ್ಟು. ಮಾರ್ಚ್ ಬಂದರೆ ನೂರೈವತ್ತು ಸಂಸ್ಥೆಗಳ ಲೆಕ್ಕ. ಎಲ್ಲವನ್ನೂ ನೋಡಲು ಆಗುತ್ತಿರಲಿಲ್ಲ, ಯಾವುದನ್ನೂ ಬಿಡಲು ಮನಸ್ಸಿರಲಿಲ್ಲ. ಮೊದಲ ವರ್ಷ ಬೆಳಕು ಸಂಘಕ್ಕೆ ನೋಡದೆ ಸಹಿ ಹಾಕಿದರು. ಎರಡನೇ ವರ್ಷ ನೋಡಿದರು. ಆಗ ನಿಜ ಹೇಳಿದ್ದರೆ ಮೊದಲ ವರ್ಷದ ಸಹಿ ಸುಳ್ಳೆಂದು ಒಪ್ಪಿಕೊಳ್ಳಬೇಕಿತ್ತು. ಗೋಡೆಯ ಮೇಲೆ ಅಷ್ಟು ಫಲಕಗಳಿದ್ದವು. ಸಂತೋಷ್‌ನ ಹಣ ಆಮೇಲೆ ಬಂದದ್ದು. ದುಡ್ಡಿನ ಆಸೆಗಿಂತ ಹೆಸರಿನ ಭಯ ಹೆಚ್ಚಾಗಿತ್ತು ಎಂದರು. ತಮ್ಮ ಹೆಸರು ಉಳಿಸಿಕೊಳ್ಳಲು ಇನ್ನೊಬ್ಬಳ ಹೆಸರು ಸಾಕೆನಿಸಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ರೂಪ ತಾವೇ ದೋಷಾರೋಪ ಪಟ್ಟಿಯ ಟಿಪ್ಪಣಿಯಲ್ಲಿ ಬರೆದುಕೊಂಡರು.

ಪೊಲೀಸರ ಕೆಲಸ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಜಾಮೀನಿನ ಮೇಲೆ ಹೊರಬಂದ ಮರುದಿನವೇ ರಘುನಂದನ್ ಇನ್ನೊಂದು ಸಂಘದ ಲೆಕ್ಕಕ್ಕೆ ಬಾಲದ ಸಹಿ ಹಾಕಬಹುದಿತ್ತಲ್ಲ? ನಜೀರ್ ಅಹ್ಮದ್ ಇನ್ನೊಂದು ದೂರು ಬರೆದುಕೊಟ್ಟರು. ಲೆಕ್ಕಪರಿಶೋಧಕರ ಸಂಸ್ಥೆಯ ಶಿಸ್ತು ಸಮಿತಿಗೆ, ಆರು ಪುಟ. ಈ ವ್ಯಕ್ತಿಯ ಸಹಿ ಮಾಡುವ ಹಕ್ಕನ್ನೇ ಕಿತ್ತುಕೊಳ್ಳಿ ಎಂದು. ಅದಕ್ಕೆ ಒಡವೆ ಕಳೆದುಕೊಂಡವರ ಸಹಿ ಬೇಕಿತ್ತು.

ಜೂನ್ 20, ಶುಕ್ರವಾರ, ಮಧ್ಯಾಹ್ನ 3.00. ಹುಣಸೆಕೊಪ್ಪಲಿನ ಶಾಲೆಯ ಜಗಲಿ. ಹೆಂಗಸರು ಗುಂಪುಗಟ್ಟಿ ಕೂತಿದ್ದರು. ಚಿಕ್ಕಬೋರಮ್ಮ ಒಬ್ಬಳೇ ಕಂಬದ ಬಳಿ ಕೂತಿದ್ದಳು. ಯಾರು ಕದ್ದರು, ಯಾರು ಮುಚ್ಚಿಟ್ಟರು, ಯಾರ ತಲೆಗೆ ಕಟ್ಟಲು ಹೊರಟಿದ್ದರು ಎಂಬುದನ್ನೆಲ್ಲ ರೂಪ ಬಿಡಿಸಿ ಹೇಳಿದರು. ಕರಗಿದ ಚಿನ್ನ ವಾಪಸು ಬರುವ ಭರವಸೆಯನ್ನು ಅವರು ಕೊಡಲಿಲ್ಲ.

ಶಿವರಾಮು ದೂರಿನ ಪ್ರತಿಯನ್ನು ಮೊದಲು ಚಿಕ್ಕಬೋರಮ್ಮನಿಗೆ ಕೊಟ್ಟು, ಸಹಿಯ ಜಾಗ ತೋರಿಸಿದ.

"ಮೊದ್ಲು ಓದಪ್ಪ. ಏನೈತೆ ಅಂತ ಗೊತ್ತಾಗ್ದೆ ನಾನ್ ಎಸ್ರು ಬರಿಯಾಕಿಲ್ಲ," ಎಂದಳು ಅವಳು.

ಶಿವರಾಮು ಇನ್‌ಸ್ಪೆಕ್ಟರ್ ಮುಖ ನೋಡಿದ. ರೂಪ ಹಾಳೆಗಳನ್ನು ತಾವೇ ತೆಗೆದುಕೊಂಡು ಓದಿದರು, ಒಂದಕ್ಷರ ಬಿಡದೆ. ನಡುವೆ ಮೂರು ಸಲ ಚಿಕ್ಕಬೋರಮ್ಮ ನಿಲ್ಲಿಸಿ, ಆ ಮಾತಿನ ಅರ್ಥವೇನೆಂದು ಕೇಳಿದಳು. ಅಷ್ಟೂ ಹೊತ್ತು ಉಳಿದ ಹೆಂಗಸರು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದರು. ಅರ್ಧ ಗಂಟೆಯ ಮೇಲೆ ಅವಳು ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು.

ಆಗ ಗುಂಪಿನಿಂದ ಮುದ್ದಮ್ಮ ಎದ್ದು ಬಂದಳು. ಎರಡು ವಾರದಿಂದ ನಲ್ಲಿಯ ಬಳಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವಳು ಚಿಕ್ಕಬೋರಮ್ಮನ ಮಗ್ಗುಲಲ್ಲಿ ಕೂತು, ಸೆರಗಿಗೆ ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದಳು.

"ಕೊಡಿ ಇತ್ಲಾಗೆ. ನಂಗೇನ್ ಓದದ್ ಬ್ಯಾಡ. ಬೋರಕ್ಕ ಕೇಳುಸ್ಕಂಡವ್ಳಲ್ಲ, ಅಷ್ಟು ಸಾಕು ನಂಗೆ."

ಚಿಕ್ಕಬೋರಮ್ಮನ ಕಣ್ಣು ತುಂಬಿ ಬಂತು. ಆದರೂ ಅವಳು ಪೆನ್ನನ್ನು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ ಕಣೇ ಮುದ್ದಿ. ಅವತ್ತೂ ಇಂಗೇ ನನ್ ಮಾತ್ ನಂಬ್ಕಂಡು ಬಂದೆ. ನೀನೂ ಕೂತ್ಕಂಡು ಕೇಳು." ಆಮೇಲೆ ರೂಪ ಅವರ ಕಡೆ ತಿರುಗಿದಳು. "ಇನ್ನೊಂದ್ ಕಿತ ಓದಿ ಮೇಡಮ್ಮೋರೆ. ಎಲ್ಲಾರ್ಗೂ ಕೇಳಂಗೆ, ಗಟ್ಟಿಯಾಗಿ."

ಮಳವಳ್ಳಿಗೆ ಹೋಗುವ ನಾಲ್ಕು ಗಂಟೆಯ ಬಸ್ಸು ಹಾರನ್ ಹೊಡೆದು ಹೋಯಿತು. ಯಾರೂ ಏಳಲಿಲ್ಲ. ರೂಪ ಮೊದಲ ಪುಟಕ್ಕೆ ತಿರುಗಿಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ಓದತೊಡಗಿದರು.