ಮೂರನೆಯ ದನಿ

ವರ್ಷಗಳ ಹಿಂದೆ ವಿಮಾನ ಅಪಹರಿಸಿ, ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಮಾಯವಾದವನು ಯಾರೆಂದು ಊಹಿಸುವುದು ನನಗೂ ಗಡಿಯಾರ ರಿಪೇರಿ ಮಾಡುವ ನನ್ನ ಭಾವನಿಗೂ ಒಂದು ಹುಚ್ಚು. ಮೊನ್ನೆ ಮಧ್ಯಾಹ್ನ ನಮ್ಮ ವಾದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆವು. ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ.

ಆಮೇಲೆ ಅದನ್ನು ಮತ್ತೆ ಹಾಕಿ ಕೇಳಿದೆವು. ಒಬ್ಬೊಬ್ಬ ಶಂಕಿತನ ಮಾತು ಬಂದಾಗಲೂ, ಫೋನಿಗೆ ಬಾಯಿ ಹಚ್ಚಿದಷ್ಟು ಹತ್ತಿರದಿಂದ, ಮೂರನೆಯ ಪಿಸುದನಿಯೊಂದು ಉತ್ತರಿಸುತ್ತಿತ್ತು.

ಕೆಲಸ ಕಳೆದುಕೊಂಡ ಪೈಲಟ್?

"ಅವನಲ್ಲ."

ನಿವೃತ್ತ ಸೈನಿಕ?

"ಅವನಲ್ಲ."

ಕೊನೆಗೆ ಭಾವ ತಮಾಷೆಗೆ, "ಹಾಗಾದ್ರೆ ತೀರಿಹೋದ ನಿಮ್ಮಪ್ಪನೇ ಇರ್ಬೇಕು ಕಣೋ!" ಎಂದಿದ್ದರು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಆ ನಗುವಿನ ನಂತರ ಪಿಸುದನಿ ಬರಲಿಲ್ಲ. ಯಾರೋ ಕುರ್ಚಿ ಸರಿಸಿ ಎದ್ದುಹೋದ ಸದ್ದು ಮಾತ್ರ ಕೇಳಿಸಿತು.

ರೆಕಾರ್ಡಿಂಗ್ ಮುಗಿದಾಗ ತಿರುಗಿ ನೋಡಿದರೆ, ಬಾಗಿಲಲ್ಲಿ ಅಮ್ಮ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅದನ್ನ ಅಳಿಸ್ಬಿಡಪ್ಪ," ಎಂದಳು.

ಅದು ಯಾರ ದನಿ ಎಂದು ಮಾತ್ರ ಅವಳು ಕೇಳಲೇ ಇಲ್ಲ.