ಇಳಿದ ಮೇಲೆ ಕೊಡುವ ನೀರು

ನಾನು ದೇಶದ ಹೆಸರು ಹೊತ್ತ ವಿಮಾನ ಸಂಸ್ಥೆಯಲ್ಲಿ ಗಗನಸಖಿ. ಊರು ಬೀದರ್ ಗಡಿಯಾಚೆಯ ಜಹೀರಾಬಾದ್. ಈ ಬೇಸಿಗೆಯಲ್ಲಿ ದಿಲ್ಲಿಯಿಂದ ಹೈದರಾಬಾದಿಗೆ ಬರುವಾಗ ನಮ್ಮ ಪಕ್ಕದ ಝರಾಸಂಗದ ಸುಗಲಾಬಾಯಿ ಎಂಬ ಮುದುಕಿ ಒಬ್ಬರೇ ಪ್ರಯಾಣಿಸುತ್ತಿದ್ದರು. ನಾನು ಅವರಿಗೆ ಬೆಲ್ಟ್ ಹಾಕಿದಾಗ, "ಎಮ್ಮಿ ಕಟ್ಟಿದಂಗ ಕಟ್ಟಿದಿಯಲ್ಲವಾ" ಎಂದು ನಕ್ಕರು.

ವಿಮಾನ ಇಳಿಯತೊಡಗಿದಾಗ ಅವರು ನೀರು ಕೇಳಿದರು. ಆ ಹೊತ್ತಿನಲ್ಲಿ ನಾವೂ ಕೂತು ಬೆಲ್ಟ್ ಹಾಕಿಕೊಳ್ಳಬೇಕು, ಅದು ನಿಯಮ. "ಇಳಿದ ಮ್ಯಾಲ ಕೊಡ್ತೀನ್ರಿ ಆಯಿ" ಎಂದೆ. ಇಳಿದ ಮೇಲೆ ನೀರು ಒಯ್ದಾಗ ಅವರಿಗೆ ಉಸಿರಿರಲಿಲ್ಲ.

ಮನಸ್ಸು ತಡೆಯದೆ ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ನಮ್ಮ ಲಿಂಗವಂತರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ವಾಲದಂತೆ ಬಟ್ಟೆಯಿಂದ ಕಟ್ಟುತ್ತಾರೆ. ಅವರನ್ನೂ ಹಾಗೆಯೇ ಕೂರಿಸಿದ್ದರು. ಹೊರಗೆ ಬಿಸಿಲು ಸುಡುತ್ತಿತ್ತು. ಕರೆಂಟ್ ಹೋಗಿ ಫ್ಯಾನು ನಿಂತಿತ್ತು. ಆದರೂ ಅವರ ಪಕ್ಕ ಕೂತಾಗ, ವಿಮಾನದಲ್ಲಿ ಬೀಳುವಂತೆ, ನೆತ್ತಿಯ ಮೇಲೆ ಸಣ್ಣಗೆ ತಣ್ಣನೆಯ ಗಾಳಿ ಬೀಳುತ್ತಿತ್ತು. ಎದುರಿಗಿದ್ದ ಸೊಸೆ ಪ್ರೇಮಲಾ ಕೂಡ ಸೆರಗು ಹೊದ್ದುಕೊಂಡಳು.

"ಬಟ್ಟಿ ಸಡ್ಲ ಆಗ್ಯಾದ, ಒಂಚೂರು ಬಿಗೀರಿ ಅಕ್ಕಾ" ಎಂದಳು.

ಗಟ್ಟಿಯಾಗಿ ಗಂಟು ಹಾಕಿದೆ.

"ಕಡೀಕ ನೀರರ ಕುಡಿದ್ರೇನ್ರಿ ನಮ್ಮತ್ತಿ?"

ನಿಜ ಹೇಳಲು ಬಾಯಿ ಬರಲಿಲ್ಲ. "ಕುಡಿದ್ರು" ಎಂದೆ.

ಟಕ್ ಎಂದು ಸಪ್ಪಳವಾಯಿತು. ವಿಮಾನದ ಬೆಲ್ಟ್ ಬಿಚ್ಚುವ ಸಪ್ಪಳ. ಅದನ್ನು ನಾನು ದಿನವೂ ಕೇಳುತ್ತೇನೆ. ಸುಗಲಾಬಾಯಿ ನನ್ನ ಹೆಗಲಿಗೆ ವಾಲಿದರು. ಬಟ್ಟೆ ನೆಲದ ಮೇಲೆ ಬಿದ್ದಿತ್ತು.

ನಾನು ಹಾಕಿದ ಗಂಟು ಅದರಲ್ಲಿ ಹಾಗೆಯೇ ಇತ್ತು.